ಪ್ರಾಸ್ಟೇಟ್‌ಗೆ ಹಬೆಯೋ, ಕ್ಲಿಪ್ಪೋ, ಲೇಸರೋ: ಆರಿಸುವುದು ಹೇಗೆ?

ದಾವಣಗೆರೆ, ಚಿತ್ರದುರ್ಗದ ಕಡೆ ಅರವತ್ತು ದಾಟಿದವರು ಯೂರಾಲಜಿಸ್ಟ್ (ಮೂತ್ರರೋಗ ತಜ್ಞ) ಮುಂದೆ ಕೂತ ಕೂಡಲೇ ಕೇಳುವುದು ‘ಲೇಸರ್ ಮಾಡ್ತೀರಾ ಸಾರ್?’ ಅಂತ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ವಯಸ್ಸಾದಂತೆ ಬೆಳೆದು ಮೂತ್ರದ ದಾರಿ ಒತ್ತುವ ಪ್ರಾಸ್ಟೇಟ್ ಗ್ರಂಥಿ ಎಷ್ಟು ದೊಡ್ಡದು, ಯಾವ ಕಡೆ ಬೆಳೆದಿದೆ, ಮೂತ್ರಚೀಲಕ್ಕೆ ತಳ್ಳುವ ಶಕ್ತಿ ಉಳಿದಿದೆಯೇ ಎಂಬ ಮೂರು ಸಂಗತಿ ಕೈಗೆ ಸಿಕ್ಕ ಮೇಲೆ, ವಿಧಾನ ಅರ್ಧದಷ್ಟು ತಾನಾಗಿಯೇ ತೀರ್ಮಾನವಾಗುತ್ತದೆ.

ಮೊದಲು ಐಪಿಎಸ್‌ಎಸ್ ಎಂಬ, ಮೂತ್ರದ ತೊಂದರೆ ಎಷ್ಟೆಂದು ಅಳೆಯುವ ಏಳು ಪ್ರಶ್ನೆಗಳ ಹಾಳೆ ತುಂಬಿಸಿ. ಒಟ್ಟು 35 ಅಂಕ. 7ರೊಳಗೆ ಬಂದರೆ ಸಾಮಾನ್ಯವಾಗಿ ಯಾವ ಆಪರೇಷನ್ನೂ ಬೇಡ. 8ರಿಂದ 19 ಮಧ್ಯಮ. 20 ಅಥವಾ ಹೆಚ್ಚಾದರೆ ತೀವ್ರ. ಆಮೇಲೆ ಹೊಟ್ಟೆಯ ಸ್ಕ್ಯಾನಿಂಗ್. ರಿಪೋರ್ಟಿನಲ್ಲಿ ಗ್ರಂಥಿಯ ಮೂರು ಅಳತೆ ಇರುತ್ತವೆ. ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ, 0.52ರಿಂದ ಮತ್ತೆ ಗುಣಿಸಿದರೆ ಗಾತ್ರ ಸಿಗುತ್ತದೆ: 5 × 4.5 × 4 ಇದ್ದರೆ ಸುಮಾರು 47 ಗ್ರಾಂ. ಮಾಮೂಲಿ ಗ್ರಂಥಿ 20-25 ಗ್ರಾಂ ಆಸುಪಾಸು.

ಸ್ಕ್ಯಾನಿಂಗಲ್ಲಿ ಎಡವಟ್ಟಾಗುವುದು ‘ಉಳಿದ ಮೂತ್ರ’ದ ಲೆಕ್ಕದಲ್ಲಿ. ಎರಡು ಬಾಟಲಿ ನೀರು ಕುಡಿಸಿ, ಸರದಿಯಲ್ಲಿ ಕೂರಿಸಿ, ಒಡೆದೇ ಹೋಗುತ್ತದೆ ಅನ್ನುವಷ್ಟು ತುಂಬಿದ ಮೇಲೆ ಬಾತ್‌ರೂಮಿಗೆ ಕಳಿಸಿದರೆ ಯಾರಿಗೇ ಆಗಲಿ ಪೂರ್ತಿ ಖಾಲಿಯಾಗುವುದಿಲ್ಲ. ರಿಪೋರ್ಟಿನಲ್ಲಿ 200 ಎಂಎಲ್ ಉಳಿದಿದೆ ಅಂತ ಬರುತ್ತದೆ, ಮನೆಯವರು ಗಾಬರಿಯಾಗುತ್ತಾರೆ. ಒಮ್ಮೆ ಹೋಗಿ, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಹೋಗಿ, ಆಮೇಲೆ ಅಳೆಯಲು ಹೇಳಿ. ಮೂತ್ರದ ವೇಗ ಅಳೆಯುವ ಯೂರೋಫ್ಲೋ ಪರೀಕ್ಷೆಗೂ ಒಂದು ಮಾತು: ಕನಿಷ್ಠ 150 ಎಂಎಲ್ ಹೊರಬಂದರೆ ಮಾತ್ರ ಆ ಗ್ರಾಫು ನಂಬಬಹುದು. ವೇಗ ಸೆಕೆಂಡಿಗೆ 10 ಎಂಎಲ್‌ಗಿಂತ ಕಡಿಮೆ ಇದ್ದರೆ ದಾರಿಯಲ್ಲಿ ಅಡ್ಡಿ ಇರುವ ಸಂಭವ ಹೆಚ್ಚು. ಆದರೆ ಹತ್ತಾರು ವರ್ಷ ಶುಗರ್ ಇದ್ದವರಲ್ಲಿ ಮೂತ್ರಚೀಲವೇ ಸೋತು ವೇಗ ಇಳಿದಿರಬಹುದು. ಅಂಥವರು ಚೀಲದ ಒತ್ತಡ ಅಳೆಯುವ ಯೂರೋಡೈನಮಿಕ್ ಪರೀಕ್ಷೆ ಬೇಕೇ ಎಂದು ಕೇಳಿಯೇ ಮುಂದುವರಿಯಬೇಕು. ಗ್ರಂಥಿ ತೆಗೆದ ಮಾತ್ರಕ್ಕೆ ಸೋತ ಚೀಲ ಗಟ್ಟಿಯಾಗುವುದಿಲ್ಲ.

ಪಿಎಸ್‌ಎ ರಕ್ತಪರೀಕ್ಷೆ ಬಿಡಬೇಡಿ, ಪ್ರಾಸ್ಟೇಟ್ ಕ್ಯಾನ್ಸರಿನ ಅನುಮಾನ ನೋಡುವುದು ಇದರಲ್ಲೇ. ಗ್ರಂಥಿ ಕುಗ್ಗಿಸುವ ಡ್ಯೂಟಾಸ್ಟೆರೈಡ್ ಮಾತ್ರೆ ಆರು ತಿಂಗಳಿಂದ ನುಂಗುತ್ತಿದ್ದರೆ ಬಂದ ಅಂಕಿಯನ್ನು ದುಪ್ಪಟ್ಟು ಮಾಡಿ ಓದಬೇಕು. ಮೂತ್ರದ ಸೋಂಕು ಇದ್ದಾಗ ಮಾಡಿಸಿದರೆ ಸುಮ್ಮನೆ ಏರಿರುತ್ತದೆ. ಹಬೆ, ಕ್ಲಿಪ್ಪುಗಳಲ್ಲಿ ಬಯಾಪ್ಸಿಗೆ ಕಳಿಸಲು ತುಣುಕೇ ಸಿಗುವುದಿಲ್ಲ, ಆದ್ದರಿಂದ ಕ್ಯಾನ್ಸರ್ ಅನುಮಾನ ಮೊದಲೇ ಬಗೆಹರಿದಿರಬೇಕು.

ಇನ್ನು ವಿಧಾನಗಳು. ರೆಜೂಮ್ ಎಂಬ ಹಬೆ ಚಿಕಿತ್ಸೆ ಹೆಚ್ಚಾಗಿ 30-80 ಗ್ರಾಂ ಗ್ರಂಥಿಗೆ. ಮೂತ್ರನಾಳದ ಮೂಲಕ ಸೂಜಿ ಚುಚ್ಚಿ ಪ್ರತಿ ಸಲ 9 ಸೆಕೆಂಡು ನೀರಾವಿ ಬಿಡುತ್ತಾರೆ. ಕೆಲವೇ ನಿಮಿಷದ ಕೆಲಸ, ನಡುವಿನ ಹಾಲೆ (ಗ್ರಂಥಿಯ ನಡುಭಾಗ) ಬೆಳೆದಿದ್ದರೂ ಆಗುತ್ತದೆ. ಆದರೆ ಬೆಂದ ಜಾಗ ಮೊದಲು ಊದಿಕೊಳ್ಳುತ್ತದೆ. ಹಾಗಾಗಿ 3ರಿಂದ 7 ದಿನ ಕ್ಯಾತಿಟರ್ (ಮೂತ್ರದ ಪೈಪು) ಬೇಕು, ಮೊದಲೆರಡು ವಾರ ಉರಿ, ಅವಸರ ಮುಂಚಿಗಿಂತ ಹೆಚ್ಚು. ‘ದುಡ್ಡು ಕೊಟ್ಟು ರೋಗ ತಂದುಕೊಂಡೆ’ ಎಂದು ಜನ ಬೈಯುವುದು ಈ ಹಂತದಲ್ಲೇ. ಪೂರ್ತಿ ಫಲ ಕಾಣಲು ಸುಮಾರು ಮೂರು ತಿಂಗಳು.

ಯೂರೋಲಿಫ್ಟ್‌ನಲ್ಲಿ ಏನನ್ನೂ ಸುಡುವುದಿಲ್ಲ, ಕೊಯ್ಯುವುದಿಲ್ಲ. ಪುಟ್ಟ ಕ್ಲಿಪ್ಪುಗಳಿಂದ ಗ್ರಂಥಿಯ ಎರಡು ಬದಿಯನ್ನು ಎಳೆದು ಕಟ್ಟಿ ದಾರಿ ತೆರೆಯುತ್ತಾರೆ. ಎಷ್ಟೋ ಜನ ಪೈಪಿಲ್ಲದೆ ಮನೆಗೆ ಹೋಗುತ್ತಾರೆ, ವೀರ್ಯಸ್ಖಲನಕ್ಕೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ನಡುವಿನ ಹಾಲೆ ದೊಡ್ಡದಿದ್ದವರಿಗೆ ಇದು ಅಷ್ಟಾಗಿ ಹೊಂದುವುದಿಲ್ಲ. ಐದು ವರ್ಷಗಳ ಅಧ್ಯಯನಗಳಲ್ಲಿ ಮತ್ತೆ ಆಪರೇಷನ್ ಬೇಕಾದವರು ಕ್ಲಿಪ್ಪಿನಲ್ಲಿ 13.6%, ಹಬೆಯಲ್ಲಿ 4.4%. ಮುಂದೆ ಎಂಆರ್‌ಐ ಮಾಡಿಸುವಾಗ ಒಳಗೆ ಕ್ಲಿಪ್ ಇದೆ ಎಂದು ಹೇಳುವುದು ಮರೆಯಬಾರದು.

ಇನ್ನೊಂದು, ಗ್ರಂಥಿಗೆ ರಕ್ತ ಒಯ್ಯುವ ನಾಳ ಮುಚ್ಚುವ ಚಿಕಿತ್ಸೆ. ಮಾಡುವವರು ಸ್ಕ್ಯಾನ್ ನೋಡುತ್ತ ನಾಳದೊಳಗೆ ಕೆಲಸ ಮಾಡುವ ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್. ತೊಡೆಸಂದಿ ಅಥವಾ ಮಣಿಕಟ್ಟಿನ ನಾಳದಿಂದ ಒಳಹೋಗುತ್ತಾರೆ. ಬಹಳ ದೊಡ್ಡ ಗ್ರಂಥಿ, ಅರಿವಳಿಕೆ ತಡೆಯದ ದೇಹ ಇದ್ದಾಗ ಯೋಚಿಸಬಹುದು. ಕಿಡ್ನಿ ಸೋತು ರಕ್ತದಲ್ಲಿ ಕ್ರಿಯಾಟಿನಿನ್ ಏರಿದ್ದರೆ, ನಾಳ ಕಾಣಲು ಬಿಡುವ ಡೈ (ಬಣ್ಣದ ದ್ರವ) ಅಪಾಯ.

ಪದೇಪದೇ ಮೂತ್ರ ಕಟ್ಟುವುದು, ಚೀಲದಲ್ಲಿ ಕಲ್ಲು, ಕಿಡ್ನಿ ಊತ ಇವು ಬಂದಿದ್ದರೆ ಹಬೆ, ಕ್ಲಿಪ್ಪಿನ ಆಸೆ ಬಿಡುವುದು ಒಳ್ಳೆಯದು. ಮೂತ್ರನಾಳದ ಮೂಲಕ ಗ್ರಂಥಿ ಕೆರೆದು ತೆಗೆಯುವ ಟಿಯುಆರ್‌ಪಿ ಅಥವಾ ಲೇಸರಿನಿಂದ ಬೆಳೆದ ಭಾಗ ಬಿಡಿಸಿ ತೆಗೆಯುವ ಹೋಲೆಪ್ ಮಾಡಿಸಿ. ಹೋಲೆಪ್‌ಗೆ ಗಾತ್ರದ ಮಿತಿಯಿಲ್ಲ, ಆದರೆ ಕೆಲವು ವಾರ ಮೂತ್ರ ಸೋರಬಹುದು. ಎರಡರಲ್ಲೂ ಬಹುತೇಕರಿಗೆ ವೀರ್ಯ ಹೊರಬರದೆ ಚೀಲದೊಳಗೆ ಹೋಗುತ್ತದೆ. ಇದನ್ನು ಸಂಕೋಚ ಬಿಟ್ಟು ಮೊದಲೇ ಕೇಳಿ.

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೋಪಿಡೋಗ್ರೆಲ್, ಆಸ್ಪಿರಿನ್ ತಾವಾಗಿಯೇ ನಿಲ್ಲಿಸಬಾರದು. ಹೃದ್ರೋಗ ವೈದ್ಯರ ಒಪ್ಪಿಗೆ ಬರವಣಿಗೆಯಲ್ಲಿ ಬೇಕು. ಬಿಪಿಎಲ್ ಕಾರ್ಡಿದ್ದರೆ ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಂಡು ಯಾವ ವಿಧಾನ ಸರ್ಕಾರದ ಆರೋಗ್ಯ ಯೋಜನೆಯಲ್ಲಿ ಬರುತ್ತದೆ ಎಂದು ಖಚಿತಪಡಿಸಿಕೊಳ್ಳಿ.

ಬೆಂಗಳೂರಿಗೆ ಹೋಗಿ ಮಾಡಿಸುವುದಾದರೆ ಕ್ಯಾತಿಟರ್ ಯಾರು ತೆಗೆಯುತ್ತಾರೆ ಎಂಬುದನ್ನು ಮೊದಲೇ ಊರಿನ ಯೂರಾಲಜಿಸ್ಟ್ ಹತ್ತಿರ ಮಾತಾಡಿಕೊಳ್ಳಿ. ಬೆಳಿಗ್ಗೆಯೇ ತೆಗೆಸಿ, ಮತ್ತೆ ಕಟ್ಟಿದರೆ ಹಗಲಲ್ಲೇ ಗೊತ್ತಾಗುತ್ತದೆ. ಪ್ರಯಾಣದಲ್ಲಿ ಯೂರಿನ್ ಬ್ಯಾಗು ಸೀಟಿನ ಮೇಲಿಡದೆ ಸೊಂಟದಿಂದ ಕೆಳಗಿರಲಿ, ಪೈಪು ಮಡಚದಿರಲಿ.

ಟಿಯುಆರ್‌ಪಿ, ಲೇಸರ್ ಆದವರು ನಾಲ್ಕರಿಂದ ಆರು ವಾರ ಬೈಕು, ಭಾರ ಎರಡನ್ನೂ ದೂರವಿಡಿ. ಮಲಬದ್ಧತೆ ಆಗಲೇಬಾರದು, ಮುಕ್ಕಿರಿದರೆ ರಕ್ತ ಬರುತ್ತದೆ. ಸಂಜೆಯ ಮಂಡಕ್ಕಿ-ಮಿರ್ಚಿಗೆ ಅಷ್ಟು ದಿನ ರಜೆ. ಹತ್ತು-ಹದಿನಾಲ್ಕನೇ ದಿನದ ಸುಮಾರಿಗೆ ಒಳಗಿನ ಹಕ್ಕಳೆ ಉದುರಿ ಮೂತ್ರ ಕೆಂಪಾಗಬಹುದು. ನೀರು ಹೆಚ್ಚಿಸಿ, ಮಲಗಿ. ಗಡ್ಡೆಗಟ್ಟಿದ ರಕ್ತ, ಚಳಿಜ್ವರ, ಮೂತ್ರ ಪೂರ್ತಿ ನಿಲ್ಲುವುದು, ಈ ಮೂರರಲ್ಲಿ ಯಾವುದೇ ಕಂಡರೂ ರಾತ್ರಿಯಾದರೂ ಸರಿ, ಹತ್ತಿರದ ಎಮರ್ಜೆನ್ಸಿಗೆ ಹೋಗಿ. ನೆಗಡಿಗೆ ಮೆಡಿಕಲ್ ಶಾಪಿನ ಮಾತ್ರೆ ಮಾತ್ರ ಕೇಳದೆ ನುಂಗಬೇಡಿ. ಅವುಗಳಲ್ಲಿ ಹಲವು ಮೂತ್ರ ಕಟ್ಟಿಸುತ್ತವೆ.