ರೇಲಿಂಗ್ ಪೈಪಿನಲ್ಲಿ ಲೈಟ್‌ಸೇಬರ್ ಹಿಡಿ

1977ರ ‘ಸ್ಟಾರ್ ವಾರ್ಸ್’ ಸಿನಿಮಾದಲ್ಲಿ ನಾಯಕ ಲ್ಯೂಕ್ ಕೈಗೆ ಬರುವ ಬೆಳಕಿನ ಕತ್ತಿಯ (ಲೈಟ್‌ಸೇಬರ್) ಹಿಡಿ ಅಸಲಿಗೆ ಕ್ಯಾಮೆರಾ ಫ್ಲ್ಯಾಶಿನ ಹಿಡಿ. ಅಮೆರಿಕದ ರಾಚೆಸ್ಟರಿನ ಗ್ರಾಫ್ಲೆಕ್ಸ್ ಕಂಪನಿ ಪತ್ರಿಕಾ ಛಾಯಾಗ್ರಾಹಕರಿಗಾಗಿ ತಯಾರಿಸುತ್ತಿದ್ದ, ಮೂರು ದಪ್ಪ ಸೆಲ್ ಹಿಡಿಸುವ ಕೊಳವೆ ಅದು. ಸೆಟ್ ಡೆಕೊರೇಟರ್ ರೋಜರ್ ಕ್ರಿಶ್ಚಿಯನ್ ಲಂಡನ್ನಿನ ಫೋಟೊ ಅಂಗಡಿಯೊಂದರಲ್ಲಿ ಇದನ್ನು ಕಂಡು, ಮೇಲೆ, ತುದಿಯಿಂದ ನೋಡಿದರೆ ‘ಟಿ’ ಅಕ್ಷರದಂತೆ ಕಾಣುವ ಕಪ್ಪು ಪಟ್ಟಿಗಳನ್ನು ಸೂಪರ್‌ಗ್ಲೂ ಹಾಕಿ ಅಂಟಿಸಿದರು. ಕೊಳವೆಯ ಸುತ್ತ ಬಿಗಿಯುವ ಲೋಹದ ಪಟ್ಟಿಗೆ, ಅಂದರೆ ಕ್ಲ್ಯಾಂಪಿಗೆ, ಕ್ಯಾಲ್ಕ್ಯುಲೇಟರಿನ ಮಸೂರದ ಪಟ್ಟಿ ತೂರಿಸಿದರು. ಹಾಗಾಗಿ ಪ್ರತಿಕೃತಿಯ ಕೆಲಸ ಶುರುವಾಗುವುದು ಗರಗಸದಿಂದಲ್ಲ, ಆಯುಧದೊಳಗಿನ ನಿತ್ಯಬಳಕೆಯ ವಸ್ತುವನ್ನು ಗುರುತಿಸುವುದರಿಂದ.

ಹೊಸಬರು ಇದರಿಂದಲೇ ಶುರು ಮಾಡುವುದು ಒಳ್ಳೆಯದು. ಅದೇ ಸಿನಿಮಾದ ಹಾನ್ ಸೋಲೊ ಪಿಸ್ತೂಲಿನ ಮೂಲ ಮೌಸರ್ ಸಿ96, ಸೈನಿಕರ ಬಂದೂಕಿನ ಮೂಲ ಸ್ಟರ್ಲಿಂಗ್. ಎರಡೂ ನಿಜವಾದ ಗನ್ನುಗಳೇ. ಅವುಗಳ ಅಸಲಿ ಬಿಡಿಭಾಗಕ್ಕೆ ಕೈ ಹಾಕಿದರೆ ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಅಡ್ಡ ಬರುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಮಾಡಿದರೂ ಬೀದಿಯಲ್ಲಿ ಹಿಡಿದು ಓಡಾಡುವ ವಸ್ತುವಲ್ಲ.

ಅಳತೆ

ಮೊದಲು ಯಾವ ಸಿನಿಮಾದ ಹಿಡಿ ಎಂದು ನಿರ್ಧರಿಸಿ. 1977ರ ಹಿಡಿಯ ಕ್ಲ್ಯಾಂಪಿನಲ್ಲಿ ಗುಳ್ಳೆ ಮಸೂರಗಳ ಪಟ್ಟಿಯಿದ್ದರೆ, 1980ರ ಮುಂದಿನ ಭಾಗದಲ್ಲಿ ಆ ಜಾಗಕ್ಕೆ ಸರ್ಕ್ಯೂಟ್ ಬೋರ್ಡಿನ ತುಂಡು ಬಂತು. ಎರಡನ್ನೂ ಬೆರೆಸಿದರೆ ಯಾವ ಸಿನಿಮಾಕ್ಕೂ ಸೇರದ ವಸ್ತುವಾಗುತ್ತದೆ.

ಕೊಳವೆಯ ಹೊರವ್ಯಾಸ ಸುಮಾರು 38 ಮಿ.ಮೀ. ಇದೇ ನಿಮ್ಮ ಅಳತೆಗೋಲು. ಸಿನಿಮಾದ ಸ್ಥಿರಚಿತ್ರದಲ್ಲಿ ವ್ಯಾಸ 95 ಪಿಕ್ಸೆಲ್ ಇದ್ದರೆ ಒಂದು ಮಿ.ಮೀ.ಗೆ 2.5 ಪಿಕ್ಸೆಲ್; ಉದ್ದ 700 ಪಿಕ್ಸೆಲ್ ಬಂದರೆ 280 ಮಿ.ಮೀ. ಬಹಳ ಜನ ತಪ್ಪುವುದು ಇಲ್ಲಿಯೇ. ಹಿಡಿ ಕ್ಯಾಮೆರಾದತ್ತ 20 ಡಿಗ್ರಿ ವಾಲಿದ್ದರೂ ಅದೇ 280 ಮಿ.ಮೀ. ಉದ್ದ 263ರಷ್ಟೇ ಕಾಣುತ್ತದೆ, ವ್ಯಾಸ ಮಾತ್ರ ಕುಗ್ಗುವುದಿಲ್ಲ. ಆದ್ದರಿಂದ ಹಲವು ಚಿತ್ರಗಳನ್ನು ಅಳೆದು, ಉದ್ದ ಅತಿ ಹೆಚ್ಚು ಬಂದದ್ದನ್ನು ನಂಬಿ; ಸರಾಸರಿ ತೆಗೆಯಬೇಡಿ. ಕೊನೆಗೆ 1:1 ಚಿತ್ರ ಬರೆದು ಗೋಡೆಗೆ ಅಂಟಿಸಿ.

ಕೊಳವೆ

ಹಳೆಯ ಗ್ರಾಫ್ಲೆಕ್ಸ್ ಸಿಕ್ಕಿದರೂ ದಯವಿಟ್ಟು ಕೊರೆಯಬೇಡಿ, ಕತ್ತರಿಸಬೇಡಿ. ಅಂಥವು ಇನ್ನು ತಯಾರಾಗುವುದಿಲ್ಲ. ಮೆಟ್ಟಿಲಿನ ರೇಲಿಂಗಿಗೆ ಬಳಸುವ ಒಂದೂವರೆ ಇಂಚಿನ ಸ್ಟೀಲ್ ಪೈಪಿನ ಹೊರವ್ಯಾಸ 38.1 ಮಿ.ಮೀ. ಫ್ಯಾಬ್ರಿಕೇಷನ್ ಅಂಗಡಿಯಲ್ಲಿ 1.2 ಮಿ.ಮೀ. ದಪ್ಪದ, ಕನ್ನಡಿ ಹೊಳಪಿನ ತುಂಡೊಂದನ್ನು ಕೇಳಿ, ಜತೆಗೆ ಒಳಗೆ ಕೂರುವ ಮುಚ್ಚಳವನ್ನೂ.

ಪೈಪಿಗೆ ಕಾಗದದ ಪಟ್ಟಿ ಸುತ್ತಿ, ಅಂಚಿಗೆ ಅಂಚು ಕೂಡಿಸಿ ಗೆರೆ ಎಳೆದರೆ ಕತ್ತರಿಸಿದ್ದು ನೇರ ಬರುತ್ತದೆ. ಇಂಚಿಗೆ 32 ಹಲ್ಲಿನ ಹ್ಯಾಕ್ಸಾ ಬ್ಲೇಡ್ ಬೇಕು. ಒರಟು ಹಲ್ಲಿನದು ತೆಳು ಪೈಪಿಗೆ ಸಿಕ್ಕಿ ಮುರಿಯುತ್ತದೆ. ಸ್ಟೀಲಿಗೆ ರಂಧ್ರ ಕೊರೆಯುವಾಗ ಡ್ರಿಲ್ ನಿಧಾನ ತಿರುಗಲಿ, ಒತ್ತಡ ಬಿಡಬೇಡಿ, ಎಣ್ಣೆ ಹಾಕುತ್ತಿರಿ. ವೇಗ ಹೆಚ್ಚಿಸಿ ಮೇಲೆಮೇಲೆ ಉಜ್ಜಿದರೆ ಲೋಹ ಅಲ್ಲಿಯೇ ಗಡುಸಾಗಿ ಬಿಟ್ ಮೊಂಡಾಗುತ್ತದೆ.

ಕ್ಲ್ಯಾಂಪಿಗೆ 1 ಮಿ.ಮೀ. ತಗಡಿನ ಪಟ್ಟಿ ಸಾಕು. 38ರ ಪೈಪಿನ ಮೇಲೆಯೇ ಬಾಗಿಸಿದರೆ ಅದು ಹಿಂದಕ್ಕೆ ಅರಳಿ ಸಡಿಲವಾಗುತ್ತದೆ. 32 ಮಿ.ಮೀ. ಪೈಪಿನ ಮೇಲೆ ಬಾಗಿಸಿ, ಆಮೇಲೆ ಹಿಗ್ಗಿಸಿ ತೊಡಿಸಿ.

ಕಪ್ಪು ಪಟ್ಟಿಗಳು

ಹಿಡಿಗೆ ರೂಪ ಬರುವುದು ಇವುಗಳಿಂದ. ನೀವು ಆರಿಸಿದ ದೃಶ್ಯದ ಚಿತ್ರಗಳಲ್ಲಿ ಎಷ್ಟಿವೆ ಎಂದು ಎಣಿಸಿ. ಪೈಪಿನ ಸುತ್ತಳತೆ ಸುಮಾರು 120 ಮಿ.ಮೀ.; ಆರು ಪಟ್ಟಿಯಾದರೆ 20ಕ್ಕೊಂದು, ಏಳಾದರೆ 17ಕ್ಕೊಂದು ಗುರುತು. ಕಣ್ಣಳತೆಯಲ್ಲಿ ಅಂಟಿಸುತ್ತ ಹೋದರೆ ಕೊನೆಯ ಸಂದು ಹೆಚ್ಚುಕಡಿಮೆಯಾಗಿ ಎದ್ದು ಕಾಣುತ್ತದೆ.

ಹೊಳೆಯುವ ಸ್ಟೀಲಿಗೆ ಅಂಟು ಕಚ್ಚದು. ಪಟ್ಟಿ ಕೂರುವಷ್ಟೇ ಜಾಗ ಬಿಟ್ಟು ಉಳಿದದ್ದಕ್ಕೆ ಟೇಪ್ ಸುತ್ತಿ, 220 ನಂಬರಿನ ಎಮರಿ ಪೇಪರಿನಿಂದ ಗೀಚಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ; ಆಮೇಲೆ ಬೆರಳು ತಾಗಿಸಬೇಡಿ. ಸಿನಿಮಾದವರು ಸೂಪರ್‌ಗ್ಲೂ ಬಳಸಿದ್ದರೂ ನೀವು ಅರಾಲ್ಡೈಟ್ ಬಳಸಿ. ಸೂಪರ್‌ಗ್ಲೂನಿಂದ ಏಳುವ ಆವಿ ಕಪ್ಪು ಪ್ಲಾಸ್ಟಿಕ್ ಮೇಲೆ ಬಿಳಿ ಬೂದಿಯಂತೆ ಕೂರುತ್ತದೆ. ಅರಾಲ್ಡೈಟಾದರೆ ಪಟ್ಟಿ ಸರಿಸಿ ಹೊಂದಿಸಲು ಸಮಯವೂ ಸಿಗುತ್ತದೆ. ರಬ್ಬರ್ ಬ್ಯಾಂಡ್ ಬಿಗಿದು ರಾತ್ರಿಯಿಡೀ ಬಿಡಿ.

ಮಸೂರ ಮತ್ತು ಕೊಂಡಿ

1970ರ ದಶಕದ ಕ್ಯಾಲ್ಕ್ಯುಲೇಟರುಗಳಲ್ಲಿ ಬ್ಯಾಟರಿ ಉಳಿಸಲು ಎಲ್‌ಇಡಿ ಅಂಕಿಗಳನ್ನು ತೀರ ಸಣ್ಣದಾಗಿ ಮಾಡಿ, ಪ್ರತಿ ಅಂಕಿಯ ಮೇಲೂ ಗುಳ್ಳೆಯಂಥ ಮಸೂರ ಇಡುತ್ತಿದ್ದರು. ಕ್ಲ್ಯಾಂಪಿನಲ್ಲಿರುವುದು ಅದೇ. ಕಸೂತಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಪಾರದರ್ಶಕ ಅರ್ಧಗೋಳ ಮಣಿಗಳನ್ನು ಅಕ್ರಿಲಿಕ್ ಪಟ್ಟಿಯ ಮೇಲೆ ಸಾಲಾಗಿ ಅಂಟಿಸಿದರೆ ಹತ್ತಿರದ ರೂಪ ಬರುತ್ತದೆ.

ಬೆಲ್ಟಿಗೆ ತೂಗುಹಾಕುವ ‘ಡಿ’ ರಿಂಗನ್ನು ಬ್ಯಾಗ್ ರಿಪೇರಿಯವರಲ್ಲಿ ತನ್ನಿ. 280 ಮಿ.ಮೀ. ಪೈಪೊಂದೇ ಸುಮಾರು 310 ಗ್ರಾಂ ತೂಗುತ್ತದೆ. ಬರೀ ಅಂಟಿನಿಂದ ಕೂರಿಸಿದ ರಿಂಗ್ ನಡೆಯುವಾಗಿನ ಕುಲುಕಾಟಕ್ಕೆ ಕಿತ್ತು ಬರುತ್ತದೆ. ತಗಡಿನ ಪಟ್ಟಿಯನ್ನು ರಿಂಗಿನೊಳಗೆ ಮಡಚಿ, ಮುಚ್ಚಳಕ್ಕೆ 3.2 ಮಿ.ಮೀ. ಪಾಪ್ ರಿವೆಟ್ ಎರಡು ಹೊಡೆಯಿರಿ. ಮುಚ್ಚಳವನ್ನು ಪೈಪಿಗೆ ಬಡಿದು ಕೂರಿಸುವುದು ಇದೆಲ್ಲ ಮುಗಿದ ಮೇಲೆ. ಮೊದಲೇ ಕೂರಿಸಿದರೆ ಡ್ರಿಲ್ಲಿನ ಒತ್ತಡಕ್ಕೆ ಅದು ಒಳಕ್ಕೆ ಜಾರುತ್ತದೆ.