ಫಾರ್ಮ್ಯಾಟ್ ಹೊಡೆಯುವ ಮುಂಚೆ

ಕಂಪ್ಯೂಟರ್ ರಿಪೇರಿಯವರಲ್ಲಿ ಹಲವರ ಬಳಿ ಎಲ್ಲ ಕಾಯಿಲೆಗೂ ಒಂದೇ ಮದ್ದು: "ಫಾರ್ಮ್ಯಾಟ್ ಹೊಡೆದುಬಿಡೋಣ ಮೇಡಂ." ಎಂದರೆ ಇರುವುದನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡುವುದು. ಹಾಡು ಬಾರದಿದ್ದರೂ ಅದೇ, ಫೈಲ್ ತೆರೆಯದಿದ್ದರೂ ಅದೇ. ಅದರಿಂದ ಗುಣವಾಗುವುದೂ ಉಂಟು. ಆದರೆ ಕೆಟ್ಟಿದ್ದು ಏನು ಎಂಬುದು ಹೊಡೆದವರಿಗೂ ತಿಳಿದಿರುವುದಿಲ್ಲ, ಹೊಡೆಸಿಕೊಂಡವರಿಗೂ ತಿಳಿಯುವುದಿಲ್ಲ. ತಿಂಗಳೊಪ್ಪತ್ತಿನಲ್ಲಿ ಅದೇ ತೊಂದರೆ ಮರಳಿ ಬರುತ್ತದೆ, ಫೋಟೋಗಳು ಮಾತ್ರ ಮರಳುವುದಿಲ್ಲ.

ಮಂಡ್ಯದ ನಮ್ಮ ಮನೆಯಲ್ಲಿ ಒಂದು ಹಳೆಯ ಡೆಸ್ಕ್‌ಟಾಪ್, ಮೈಸೂರಿನಲ್ಲಿ ಓದುವ ಮಗಳ ಲ್ಯಾಪ್‌ಟಾಪ್, ಅತ್ತೆಯವರ ಹಾಡಿನ ಪ್ಲೇಯರ್ ಇವೆ. ಮೂರರ ಯೋಗಕ್ಷೇಮವೂ ನನ್ನದೇ. ನಾನು ಓದಿದ್ದು ಬಿ.ಕಾಂ., ಮಾಡುವುದು ಲೆಕ್ಕಪತ್ರದ ಕೆಲಸ. ಅಡಾವೆ ತಾಳೆಯಾಗದಿದ್ದರೆ ನಾವು ಇಡೀ ಪುಸ್ತಕ ಹರಿದು ಹೊಸದಾಗಿ ಬರೆಯುವುದಿಲ್ಲ, ಯಾವ ಪುಟದವರೆಗೆ ಸರಿಯಿದೆ ಎಂದು ನೋಡುತ್ತೇವೆ. ಯಂತ್ರಗಳ ವಿಷಯದಲ್ಲೂ ನಾನು ಮಾಡುವುದು ಇಷ್ಟೇ. ನನ್ನ ಅನುಭವದಲ್ಲಿ ಬಹುಪಾಲು ಸಂದರ್ಭಗಳಲ್ಲಿ ಒಂದಕ್ಕೊಂದು ಹೊಂದಬೇಕಾದ ಎರಡೂ ಯಂತ್ರಗಳು ನೆಟ್ಟಗಿರುತ್ತವೆ, ಅವುಗಳ ನಡುವಿನ ಒಪ್ಪಂದ ಮಾತ್ರ ಮುರಿದಿರುತ್ತದೆ.

ಪ್ಲೇಯರ್‌ನಿಂದಲೇ ಶುರು ಮಾಡುತ್ತೇನೆ, ಹೆಚ್ಚು ಸತಾಯಿಸಿದ್ದು ಅದೇ. ಅಂಗೈಯಲ್ಲಿ ಹಿಡಿಸುವ ಪೆಟ್ಟಿಗೆ, ಮೆಮೊರಿ ಕಾರ್ಡ್ ಹಾಕಲು ಒಂದು ಸೀಳು, ಎರಡು ಸಾಲು ಅಕ್ಷರ ತೋರಿಸುವ ಪರದೆ. ಮೊದಲಿನ 8 ಜಿಬಿ ಕಾರ್ಡ್ ತುಂಬಿತೆಂದು ಮಗಳು ಮೈಸೂರಿನಿಂದ 64 ಜಿಬಿ ಕಾರ್ಡ್ ತಂದಳು. ಹಾಡುಗಳನ್ನು ತುಂಬಿ ಪ್ಲೇಯರ್‌ಗೆ ಹಾಕಿದರೆ "ನೋ ಫೈಲ್" ಎಂದಿತು. ಅದೇ ಕಾರ್ಡ್ ನನ್ನ ಮೊಬೈಲ್‌ನಲ್ಲಿ ಹಾಡಿತು, ಹಳೆಯ ಕಾರ್ಡ್ ಪ್ಲೇಯರ್‌ನಲ್ಲಿ ಹಾಡಿತು. ಹಾಗಾದರೆ ಕಾರ್ಡೂ ಸರಿ, ಪ್ಲೇಯರೂ ಸರಿ. ಡೆಸ್ಕ್‌ಟಾಪ್‌ನಲ್ಲಿ ಎರಡೂ ಕಾರ್ಡ್‌ಗಳ ಪ್ರಾಪರ್ಟೀಸ್ ತೆರೆದು ನೋಡಿದಾಗ ವ್ಯತ್ಯಾಸ ಕಂಡಿತು: ಹಳೆಯದರಲ್ಲಿ ಫೈಲ್ ಸಿಸ್ಟಮ್, ಅಂದರೆ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ, ಫ್ಯಾಟ್32, ಹೊಸದರಲ್ಲಿ ಎಕ್ಸ್‌ಫ್ಯಾಟ್. ಎಸ್‌ಡಿ ಕಾರ್ಡ್‌ಗಳ ಮಾನದಂಡವೇ ಹಾಗಿದೆ. 2 ಜಿಬಿ ಮೀರಿ 32 ಜಿಬಿವರೆಗಿನವು ಫ್ಯಾಟ್32ರಲ್ಲಿ ಬರುತ್ತವೆ, ಅದಕ್ಕಿಂತ ದೊಡ್ಡವು ಎಕ್ಸ್‌ಫ್ಯಾಟ್‌ನಲ್ಲಿ. ಅಗ್ಗದ ಪ್ಲೇಯರ್‌ಗಳಲ್ಲಿ ಅನೇಕವಕ್ಕೆ ಎರಡನೆಯದನ್ನು ಓದಲು ಬರುವುದಿಲ್ಲ.

ಕಾರ್ಡನ್ನು ಫ್ಯಾಟ್32ಕ್ಕೆ ಬದಲಿಸಲು ಹೋದರೆ ವಿಂಡೋಸ್‌ನ ಫಾರ್ಮ್ಯಾಟ್ ಕಿಟಕಿಯಲ್ಲಿ ಆ ಆಯ್ಕೆಯೇ ಇಲ್ಲ, ಏಕೆಂದರೆ 32 ಜಿಬಿಗಿಂತ ದೊಡ್ಡದಕ್ಕೆ ಅದು ಫ್ಯಾಟ್32 ತೋರಿಸುವುದಿಲ್ಲ. ರೂಫಸ್ ಎಂಬ ಉಚಿತ ತಂತ್ರಾಂಶ ಆ ಮಿತಿಯನ್ನು ಲೆಕ್ಕಿಸುವುದಿಲ್ಲ. ಹಾಡುಗಳನ್ನು ಡೆಸ್ಕ್‌ಟಾಪ್‌ಗೆ ಇಳಿಸಿಕೊಂಡು, ರೂಫಸ್‌ನಿಂದ ಕಾರ್ಡನ್ನು ಫ್ಯಾಟ್32 ಮಾಡಿ, ಮತ್ತೆ ತುಂಬಿದೆ. ಹೌದು, ಇದೂ ಫಾರ್ಮ್ಯಾಟೇ. ಏತಕ್ಕೆ ಮಾಡುತ್ತಿದ್ದೇನೆ ಎಂದು ಗೊತ್ತಿದ್ದು ಮಾಡಿದ್ದು, ಅಷ್ಟೇ ವ್ಯತ್ಯಾಸ. ನಿಜ ಹೇಳಬೇಕೆಂದರೆ ಈ ತಾಪತ್ರಯವೇ ಬೇಡ, 32 ಜಿಬಿ ಕಾರ್ಡ್ ಸಾಕು. 128 ಕೆಬಿಪಿಎಸ್‌ನ ಎಂಪಿ3ಯಲ್ಲಿ ಒಂದು ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಎಂಬಿ. ಐದು ನಿಮಿಷದ ಹಾಡುಗಳು ಆರು ಸಾವಿರ ಹಿಡಿಸುತ್ತವೆ. ಆರು ಸಾವಿರ ದೇವರನಾಮಗಳನ್ನು ಯಾರು ಕೇಳುತ್ತಾರೆ? ಇನ್ನೊಂದು ಮಾತು: ನಂಬಲಾಗದ ಬೆಲೆಗೆ ಸಿಗುವ ದೊಡ್ಡ ಕಾರ್ಡ್‌ಗಳಲ್ಲಿ ಮೇಲೆ ಬರೆದಷ್ಟು ಜಾಗ ಇರುವುದೇ ಇಲ್ಲ. ಹೆಚ್2ಟೆಸ್ಟ್‌ಡಬ್ಲ್ಯೂ ಎಂಬ ಚಿಕ್ಕ ತಂತ್ರಾಂಶ ಕಾರ್ಡನ್ನು ಪೂರ್ತಿ ತುಂಬಿ, ತಿರುಗಿ ಓದಿ, ಸುಳ್ಳನ್ನು ಹಿಡಿದುಕೊಡುತ್ತದೆ. ಹೊಸ ಕಾರ್ಡ್ ಬಂದರೆ ರಾತ್ರಿ ಇದನ್ನು ಓಡಿಸಿ ಮಲಗುತ್ತೇನೆ.

ಹಾಡು ಬಂತು, ಆದರೆ ಸರದಿ ತಪ್ಪಿತು. ಅತ್ತೆಯವರಿಗೆ ಬೆಳಿಗ್ಗೆ ಮೊದಲು ಸುಪ್ರಭಾತ ಬೇಕು, ಆಮೇಲೆ ದಾಸರ ಪದಗಳು, ಕೊನೆಗೆ ಮಂಗಳ. ಪ್ಲೇಯರ್ ಮಂಗಳದಿಂದಲೇ ಆರಂಭಿಸಿತು. "ಮಂಗಳ ಹಾಡಿದ ಮೇಲೆ ಇನ್ನೇನಿದೆಯಮ್ಮ, ಎದ್ದು ಹೋಗುವುದೇ" ಎಂದರು. ಫೈಲ್‌ಗಳ ಹೆಸರಿನ ಮುಂದೆ 01, 02 ಎಂದು ಹಾಕಿದರೂ ಅದು ಕಿವಿಗೊಡಲಿಲ್ಲ. ಕಂಪ್ಯೂಟರ್ ನಮಗೆ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿ ತೋರಿಸುತ್ತದೆ. ಇಂಥ ಪ್ಲೇಯರ್‌ಗೆ ಆ ವ್ಯವಧಾನವಿಲ್ಲ. ಕಾರ್ಡಿನ ಪಟ್ಟಿಯಲ್ಲಿ ಯಾವ ಫೈಲ್ ಮೊದಲು ದಾಖಲಾಗಿದೆಯೋ ಅದನ್ನೇ ಮೊದಲು ನುಡಿಸುತ್ತದೆ. ಹಲವು ಫೈಲ್‌ಗಳನ್ನು ಒಟ್ಟಿಗೆ ಆಯ್ದು ಮೌಸ್‌ನಿಂದ ಎಳೆಯುವಾಗ ಯಾವುದನ್ನು ಹಿಡಿದು ಎಳೆಯುತ್ತೇವೆಯೋ ಅದು ಮೊದಲು ಹೋಗಿ ಕೂರುತ್ತದೆ. ನಾನು ಪಟ್ಟಿಯ ತುದಿಯಲ್ಲಿದ್ದ ಮಂಗಳವನ್ನು ಹಿಡಿದು ಎಳೆದಿದ್ದೆ.

ಮೊದಲನೆಯದನ್ನು ಹಿಡಿದು ಎಳೆದರೆ ಕೆಲಸವಾಗುತ್ತದೆ. ಆದರೂ ನನಗೆ ಹೆಚ್ಚು ನಂಬಿಕೆ ಆದೇಶಗಳನ್ನು ಟೈಪಿಸುವ ಕಪ್ಪು ಕಿಟಕಿ, ಕಮಾಂಡ್ ಪ್ರಾಂಪ್ಟ್‌ನ ಮೇಲೆ. ಕಂಪ್ಯೂಟರಿನ ಹಾರ್ಡ್ ಡಿಸ್ಕ್‌ನ ಫೈಲ್ ಸಿಸ್ಟಮ್ ಎನ್‌ಟಿಎಫ್‌ಎಸ್ ಆಗಿರುವುದರಿಂದ ಅಲ್ಲಿ ಹೆಸರುಗಳು ಕ್ರಮದಲ್ಲೇ ಇರುತ್ತವೆ. ಆ ಫೋಲ್ಡರ್‌ಗೆ ಹೋಗಿ, ಕಾಪಿ ಆದೇಶದ ಮುಂದೆ ನಕ್ಷತ್ರ, ಚುಕ್ಕಿ, ಎಂಪಿ3 ಎಂದು ಬರೆದು, ಆಮೇಲೆ ಕಾರ್ಡಿನ ಫೋಲ್ಡರಿನ ವಿಳಾಸ ಕೊಟ್ಟರೆ 01ರಿಂದ ಒಂದೊಂದಾಗಿ ಹೋಗುತ್ತವೆ. ಕಾರ್ಡಿನಲ್ಲಿ ಆ ಫೋಲ್ಡರ್ ಮಾತ್ರ ಹೊಸದಾಗಿರಬೇಕು. ಹಳೆಯದರಲ್ಲಿ ಒಂದು ಹಾಡನ್ನು ಅಳಿಸಿ ಇನ್ನೊಂದನ್ನು ಹಾಕಿದರೆ ಅದು ಅಳಿದ ಹಾಡಿನ ಖಾಲಿ ಜಾಗಕ್ಕೇ ಹೋಗಿ ಕೂತು ಮತ್ತೆ ಸರದಿ ಕೆಡಿಸುತ್ತದೆ.

ಪರದೆಯ ಮೇಲಿನ ಹೆಸರುಗಳ ಕಥೆ ಬೇರೆ. ಕನ್ನಡದಲ್ಲಿ ಬರೆದ ಹೆಸರುಗಳು ಚೌಕಗಳಾಗಿ ಕಾಣುತ್ತಿದ್ದವು. ಪ್ಲೇಯರ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲದ ಮೇಲೆ ಯಾವ ಸೆಟ್ಟಿಂಗ್ ಬದಲಿಸಿ ಏನು ಪ್ರಯೋಜನ? ಎಂಪಿ3ಟ್ಯಾಗ್ ತಂತ್ರಾಂಶದಲ್ಲಿ ಹಾಡುಗಳ ಒಳಗಿನ ಶೀರ್ಷಿಕೆಯನ್ನೂ ಫೈಲ್ ಹೆಸರನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆ. ಹಾಡಿನ ಫೈಲ್‌ನೊಳಗೇ ಇದ್ದ ಭಾರಿ ಗಾತ್ರದ ಚಿತ್ರಗಳನ್ನೂ ಕಿತ್ತುಹಾಕಿದೆ, ಅವು ಹೋದ ಮೇಲೆ ಹಾಡು ತಡವರಿಸದೆ ಶುರುವಾಗುತ್ತದೆ. ಅತ್ತೆಯವರು ಪರದೆ ನೋಡುವುದೇ ಇಲ್ಲ ಎಂಬುದು ಬೇರೆ ವಿಷಯ, ಅವರದ್ದೆಲ್ಲ ಗುಂಡಿಯ ಲೆಕ್ಕ. ಇನ್ನು ಕೆಲವು ಹಾಡುಗಳನ್ನು ಪ್ಲೇಯರ್ ಹಾರಿಸಿಕೊಂಡು ಹೋಗುತ್ತಿತ್ತು. ಅವು ಎಂ4ಎ ಎಂಬ ಬೇರೆ ಬಗೆಯ ಫೈಲ್‌ಗಳು, ಬಾಲಕ್ಕೆ ಎಂಪಿ3 ಎಂದು ಯಾರೋ ಹೆಸರು ತಿದ್ದಿದ್ದರು. ಹೆಸರು ಬದಲಾದ ಮಾತ್ರಕ್ಕೆ ಒಳಗಿನದು ಬದಲಾಗುವುದಿಲ್ಲ. ವಿಎಲ್‌ಸಿ ಎಂಬ ಹಾಡು, ವಿಡಿಯೊ ನುಡಿಸುವ ತಂತ್ರಾಂಶದ ಕನ್ವರ್ಟ್ ಆಯ್ಕೆಯಿಂದ ಅವನ್ನು ನಿಜವಾದ ಎಂಪಿ3 ಮಾಡಬೇಕಾಯಿತು.

ಅತ್ತೆಯವರ ಭಜನಾ ಮಂಡಳಿಯ ಹಳೆಯ ಕ್ಯಾಸೆಟ್ ಒಂದನ್ನು ಕಾರ್ಡಿಗೆ ಇಳಿಸಿದ್ದು ನನಗೆ ಬಹಳ ಖುಷಿ ಕೊಟ್ಟ ಕೆಲಸ. ಟೇಪ್ ರೆಕಾರ್ಡರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯ ಕಡ್ಡಿಯಿಂದ ಒರೆಸಿದೆ, ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಟೇಪಿನ ಹೆಡ್‌ಫೋನ್ ತೂತಿನಿಂದ ಡೆಸ್ಕ್‌ಟಾಪ್‌ನ ಹಿಂಬದಿಯ ನೀಲಿ ತೂತಿಗೆ ಒಂದು ತಂತಿ ಎಳೆದೆ. ಗುಲಾಬಿ ತೂತು ಮೈಕಿನದು, ಅದಕ್ಕೆ ಚುಚ್ಚಿದರೆ ದನಿ ಒಡೆಯುತ್ತದೆ. ಅಡಾಸಿಟಿ ಎಂಬ ಧ್ವನಿಮುದ್ರಣದ ತಂತ್ರಾಂಶದಲ್ಲಿ ರೆಕಾರ್ಡ್ ಮಾಡುವಾಗ ಮಟ್ಟ ಮೈನಸ್ 6 ಡೆಸಿಬಲ್ ಮೀರದಂತೆ ಟೇಪಿನ ವಾಲ್ಯೂಮನ್ನು ತಗ್ಗಿಸಿಟ್ಟೆ. ಹಾಡು ಶುರುವಾಗುವ ಮುಂಚಿನ ಎರಡು ಸೆಕೆಂಡು ಬರಿಯ ಟೇಪಿನ ಸುಯ್ಯೆನ್ನುವ ಸದ್ದಿರುತ್ತದಲ್ಲ, ಅದನ್ನು ಆಯ್ದು ನಾಯ್ಸ್ ಪ್ರೊಫೈಲ್ ಎಂದು ಕೊಟ್ಟರೆ ಇಡೀ ಹಾಡಿನಿಂದ ಆ ಸದ್ದನ್ನು ಕಳೆಯುತ್ತದೆ. ಆಸೆಬಿದ್ದು ಜಾಸ್ತಿ ಕಳೆದರೆ ತಾಳದ ಕಿಣಿಕಿಣಿಯೂ ಹೋಗಿ, ನೀರಿನೊಳಗಿಂದ ಹಾಡಿದಂತೆ ಕೇಳಿಸುತ್ತದೆ. 6 ಡೆಸಿಬಲ್ ಇಳಿಸಿ ಬಿಟ್ಟೆ, ಸ್ವಲ್ಪ ಸುಯ್ಯೆಂದರೆ ಅನ್ನಲಿ. ಮುಂಚೆ ಅಡಾಸಿಟಿಯಿಂದ ಎಂಪಿ3 ಮಾಡಲು ಲೇಮ್ ಎಂಬ ಪರಿವರ್ತಕವನ್ನು ಬೇರೆಯಾಗಿ ತಂದು ಸೇರಿಸಬೇಕಿತ್ತು, ಪೇಟೆಂಟಿನ ಗೊಡವೆ. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆ ಎಂಪಿ3 ಪರವಾನಗಿ ನೀಡುವುದನ್ನು 2017ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ಈಗ ಎಲ್ಲವೂ ಒಳಗೇ ಇದೆ.

ಪ್ಲೇಯರನ್ನು ಕಂಪ್ಯೂಟರಿಗೆ ಚುಚ್ಚಿದರೆ ಚಾರ್ಜ್ ಆಗುತ್ತದೆ, ಡ್ರೈವ್ ಮಾತ್ರ ಕಾಣಿಸುವುದಿಲ್ಲ ಎನ್ನುವವರು ಮೊದಲು ತಂತಿ ಬದಲಿಸಿ. ಕೆಲವು ಅಗ್ಗದ ತಂತಿಗಳಲ್ಲಿ ಕರೆಂಟಿನ ಎಳೆಗಳು ಮಾತ್ರ ಇರುತ್ತವೆ, ಮಾಹಿತಿ ಸಾಗಿಸುವ ಎಳೆಗಳೇ ಇರುವುದಿಲ್ಲ.

ಇನ್ನು ಫೈಲ್ ಹಂಚಿಕೆ. ನಾದಿನಿಯ ಮನೆಯ ಗೃಹಪ್ರವೇಶದ ವಿಡಿಯೊ ಆರು ಜಿಬಿ ಇತ್ತು. ಪೆನ್‌ಡ್ರೈವ್‌ನಲ್ಲಿ ಜಾಗ ಬೇಕಾದಷ್ಟಿದ್ದರೂ "ಫೈಲ್ ದೊಡ್ಡದಾಯಿತು" ಎಂದು ಅದು ನಿರಾಕರಿಸಿತು. ಅದೂ ಫ್ಯಾಟ್32, ಅದರಲ್ಲಿ ಒಂದೊಂದು ಫೈಲ್ 4 ಜಿಬಿಗಿಂತ ಕಡಿಮೆ ಇರಬೇಕು. ಮನೆಯ ವೈಫೈ ಮೂಲಕವೇ ಡೆಸ್ಕ್‌ಟಾಪ್‌ನಿಂದ ಲ್ಯಾಪ್‌ಟಾಪ್‌ಗೆ ಕಳಿಸೋಣ ಎಂದು ಫೋಲ್ಡರನ್ನು ಶೇರ್ ಮಾಡಿದರೆ ನೆಟ್‌ವರ್ಕ್ ಪಾತ್ ಸಿಗಲಿಲ್ಲ ಎಂಬ ದೂರು ಬಂತು. ಡೆಸ್ಕ್‌ಟಾಪ್‌ನಲ್ಲಿ ಐಪಿಕಾನ್ಫಿಗ್ ಎಂದು ಟೈಪಿಸಿ ಅದರ ವಿಳಾಸ ತಿಳಿದುಕೊಂಡು, ಲ್ಯಾಪ್‌ಟಾಪ್‌ನಲ್ಲಿ ಹೆಸರಿನ ಬದಲು ಆ ವಿಳಾಸವನ್ನೇ ಕೊಟ್ಟೆ. ಹೆಸರಿನಿಂದ ಸಿಗದೆ ವಿಳಾಸದಿಂದ ಸಿಕ್ಕರೆ ತೊಂದರೆ ಹೆಸರು ಹುಡುಕುವುದರಲ್ಲಿದೆ ಎಂದರ್ಥ. ನನಗೆ ಎರಡರಿಂದಲೂ ಸಿಗಲಿಲ್ಲ. ಪಿಂಗ್ ಮಾಡಿದರೂ, ಅಂದರೆ "ಇದ್ದೀಯಾ" ಎಂದು ಕೂಗಿ ನೋಡಿದರೂ, ಉತ್ತರವಿಲ್ಲ. ಆದರೆ ಪಿಂಗ್‌ಗೆ ಉತ್ತರ ಬಾರದಿದ್ದರೆ ಸಂಪರ್ಕವೇ ಇಲ್ಲ ಎಂದುಕೊಳ್ಳಬಾರದು, ಹೊರಗಿನಿಂದ ಬರುವುದನ್ನು ತಡೆಯುವ ಕಾವಲು, ಫೈರ್‌ವಾಲ್, ಬಾಯಿ ಮುಚ್ಚಿಸಿರಬಹುದು. ಇಲ್ಲಿ ಆಗಿದ್ದೂ ಅದೇ. ಡೆಸ್ಕ್‌ಟಾಪ್ ನಮ್ಮ ಮನೆಯ ವೈಫೈಯನ್ನು ಪಬ್ಲಿಕ್ ಎಂದು ಗುರುತಿಸಿಕೊಂಡು, ಬಸ್ ನಿಲ್ದಾಣದಲ್ಲಿ ಕೂತಂತೆ ಎಲ್ಲವನ್ನೂ ಮುಚ್ಚಿಕೊಂಡಿತ್ತು. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಪ್ರೈವೇಟ್ ಮಾಡಿದೊಡನೆ ಉತ್ತರ ಬಂತು.

ಅಲ್ಲಿಂದ ಮುಂದೆ ಪಾಸ್‌ವರ್ಡ್ ಕೇಳಿತು. ಮಗಳು ಡೆಸ್ಕ್‌ಟಾಪ್ ತೆರೆಯುವ ಪಿನ್ ಹಾಕಿದಳು, ತಪ್ಪು ಎಂದಿತು. "ಅಮ್ಮ, ಇದೇ ಪಿನ್‌ನಲ್ಲಿ ತಾನೇ ದಿನಾ ತೆರೆಯುವುದು?" ಪಿನ್ ಆ ಯಂತ್ರದ ಮುಂದೆ ಕೂತವರಿಗೆ ಮಾತ್ರ. ನೆಟ್‌ವರ್ಕ್‌ನಲ್ಲಿ ಬರುವವರು ಖಾತೆಯ ನಿಜವಾದ ಪಾಸ್‌ವರ್ಡನ್ನೇ ಕೊಡಬೇಕು, ಮೈಕ್ರೋಸಾಫ್ಟ್ ಖಾತೆಯಾದರೆ ಹೆಸರಿನ ಜಾಗದಲ್ಲಿ ಇಮೇಲ್ ವಿಳಾಸ. ಅದನ್ನು ಎಲ್ಲ ಯಂತ್ರಗಳಲ್ಲೂ ಬರೆದಿಡುವುದು ನನಗೆ ಸರಿಕಾಣಲಿಲ್ಲ. ಡೆಸ್ಕ್‌ಟಾಪ್‌ನಲ್ಲಿ ಹಂಚಿಕೆಗೆಂದೇ ಒಂದು ಲೋಕಲ್ ಖಾತೆ ತೆರೆದು, ಆ ಒಂದು ಫೋಲ್ಡರಿಗೆ ಮಾತ್ರ ಅದಕ್ಕೆ ಅನುಮತಿ ಕೊಟ್ಟೆ. ಪಾಸ್‌ವರ್ಡ್ ರಕ್ಷಣೆಯನ್ನೇ ತೆಗೆದುಬಿಡಿ, ಫೈಲ್ ಹಂಚಿಕೆಯ ಹಳೆಯ ಪದ್ಧತಿಯಾದ ಎಸ್‌ಎಂಬಿ1 ಅನ್ನು ಮತ್ತೆ ಚಾಲೂ ಮಾಡಿ ಎಂದು ಸಲಹೆ ಕೊಡುವವರಿದ್ದಾರೆ. ಮಾಡಬೇಡಿ. 2017ರಲ್ಲಿ ಲೋಕವನ್ನು ಕಾಡಿದ ವಾನಾಕ್ರೈ ಎಂಬ ಕುತಂತ್ರಾಂಶ ಹಬ್ಬಿದ್ದು ಆ ಹಳೆಯ ಎಸ್‌ಎಂಬಿ1ರ ದೋಷದ ಮೂಲಕವೇ.

ಸರಿಹೋಯಿತು ಎಂದುಕೊಂಡರೆ ಕರೆಂಟ್ ಹೋಗಿ ಬಂದಾಗಲೆಲ್ಲ ಸಂಪರ್ಕ ತಪ್ಪುತ್ತಿತ್ತು. ರೌಟರ್ ಮತ್ತೆ ಎದ್ದಾಗ ಡೆಸ್ಕ್‌ಟಾಪ್‌ಗೆ ಬೇರೆ ವಿಳಾಸ ಕೊಡುತ್ತಿತ್ತು, ಲ್ಯಾಪ್‌ಟಾಪ್ ಹಳೆಯದನ್ನೇ ಹುಡುಕುತ್ತಿತ್ತು. ರೌಟರಿನ ಪುಟದಲ್ಲಿ ಅಡ್ರೆಸ್ ರಿಸರ್ವೇಶನ್ ಎಂಬಲ್ಲಿ ಡೆಸ್ಕ್‌ಟಾಪ್‌ಗೆ ಒಂದೇ ವಿಳಾಸ ಕಾಯಂ ಮಾಡಿದ ಮೇಲೆ ಆ ಕಾಟ ನಿಂತಿತು.

ಡೆಸ್ಕ್‌ಟಾಪ್ ಕೊಟ್ಟ ವಿಚಿತ್ರ ತೊಂದರೆ ಎಂದರೆ, ಒಂದು ಬೆಳಿಗ್ಗೆ ಯಾವ ವೆಬ್‌ಸೈಟೂ ತೆರೆಯದೆ ಎಲ್ಲವೂ "ಸಂಪರ್ಕ ಸುರಕ್ಷಿತವಲ್ಲ" ಎಂದದ್ದು. ಅದೇ ವೈಫೈಯಲ್ಲಿ ಮೊಬೈಲ್ ಚೆನ್ನಾಗಿ ಓಡುತ್ತಿತ್ತು. ಬ್ರೌಸರ್ ಬದಲಿಸಿದರೂ ಅದೇ ಹಾಡು. ಪರದೆಯ ಮೂಲೆಯಲ್ಲಿ ನೋಡಿದರೆ ತಾರೀಖು ಹತ್ತಾರು ವರ್ಷ ಹಿಂದಿನದು! ವೆಬ್‌ಸೈಟಿನ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಹಿಂದಿನ ಕಾಲದಲ್ಲಿರುವ ಕಂಪ್ಯೂಟರಿಗೆ ಅದು ಇನ್ನೂ ಜಾರಿಗೇ ಬಂದಿಲ್ಲ. ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ ಮುಗಿದಿತ್ತು. ಪೇಟೆ ಬೀದಿಯ ಗಡಿಯಾರದಂಗಡಿಯಲ್ಲಿ ಸೆಲ್ ಸಿಕ್ಕಿತು. ಸ್ವಿಚ್ ಆರಿಸಿ, ತಂತಿ ಕಿತ್ತು, ಕ್ಯಾಬಿನೆಟ್‌ನ ಲೋಹವನ್ನೊಮ್ಮೆ ಮುಟ್ಟಿ ಹಳೆಯದನ್ನು ತೆಗೆದೆ. ಬರಹವಿರುವ ಮುಖ ಮೇಲಕ್ಕೆ ಬರುವಂತೆ ಹೊಸದನ್ನು ಕೂರಿಸಿ, ಕಂಪ್ಯೂಟರ್ ಏಳುವಾಗ ತೆರೆಯಬಹುದಾದ ಬಯಾಸ್ ಎಂಬ ಸೆಟ್ಟಿಂಗ್ ಪುಟದಲ್ಲಿ ತಾರೀಖು ಸರಿಪಡಿಸಿದೆ.

ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವ್‌ನಲ್ಲಿ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್‌ಗಳಾಗಿದ್ದರೆ ಅವುಗಳ ಮೇಲೆ ಕ್ಲಿಕ್ ಮಾಡಬಾರದು, ಕ್ಲಿಕ್ಕಿಸಿದರೆ ವೈರಸ್ ಎದ್ದು ಓಡುತ್ತದೆ. ಫೈಲ್‌ಗಳು ಅಳಿದಿರುವುದಿಲ್ಲ, ಅಡಗಿರುತ್ತವೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಅಟ್ರಿಬ್ ಆದೇಶದಿಂದ ಹಿಡನ್, ಸಿಸ್ಟಮ್ ಗುರುತುಗಳನ್ನು ತೆಗೆದರೆ ಕಾಣಿಸಿಕೊಳ್ಳುತ್ತವೆ. ಬೇಕಾದ ಪತ್ರಗಳನ್ನಷ್ಟೇ ಇಳಿಸಿಕೊಂಡು, ಆಂಟಿವೈರಸ್‌ನಿಂದ ಕಂಪ್ಯೂಟರನ್ನೂ ತಪಾಸಿಸಿ, ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡುತ್ತೇನೆ.

ಎರಡು ವಿಷಯಗಳಿಗೆ ಮಾತ್ರ ನಾನು ಕೈ ಹಾಕುವುದಿಲ್ಲ. ಪ್ಲೇಯರ್ ಅಥವಾ ಮೊಬೈಲ್‌ನ ಬ್ಯಾಟರಿ ಉಬ್ಬಿದ್ದರೆ ಚಾರ್ಜಿಗೆ ಹಾಕದೆ, ಒತ್ತದೆ, ಸೀದಾ ರಿಪೇರಿಯವರಿಗೆ ಕೊಡುತ್ತೇನೆ. ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎಂದು ಬಡಿದುಕೊಳ್ಳತೊಡಗಿದರೆ ಆ ಕ್ಷಣವೇ ಸ್ವಿಚ್ ಆರಿಸುತ್ತೇನೆ. ಅದರ ಮೇಲೆ ಡಿಸ್ಕ್ ತಪಾಸಿಸುವ ಚೆಕ್‌ಡಿಸ್ಕ್ ಓಡಿಸಿದರೆ ಉಳಿದಿದ್ದೂ ಹೋಗಬಹುದು. ಒಳಗಿನ ಮಾಹಿತಿ ಮುಖ್ಯವಾದರೆ ಡೇಟಾ ರಿಕವರಿಯವರ ಬಳಿಗೆ, ಇಲ್ಲವಾದರೆ ಹೊಸ ಡಿಸ್ಕ್.