ನೇರಳೆಗೆಂಪು ಏರೋಪ್ಲೇನ್ ಚಿಟ್ಟೆಯನ್ನು ಗುರುತಿಸುವುದು ಹೇಗೆ?

ಕೆರೆಯ ಏರಿ, ಗದ್ದೆಯ ಬದು, ನಿಧಾನವಾಗಿ ಹರಿಯುವ ಹಳ್ಳದ ದಂಡೆಗಳಲ್ಲಿ ಕಡ್ಡಿಯ ತುದಿಯ ಮೇಲೆ ಕುಳಿತು ಕಾಣಿಸುವ ಕೆಂಪು ಏರೋಪ್ಲೇನ್ ಚಿಟ್ಟೆಗಳೆಲ್ಲ ಒಂದೇ ಜಾತಿಯವಲ್ಲ. ಅವುಗಳಲ್ಲಿ ಅತ್ಯಂತ ಚೆಲುವಾದುದು, ಕರ್ನಾಟಕದಲ್ಲಿ ಸಾಮಾನ್ಯವಾಗಿಯೇ ಕಾಣಸಿಗುವ ಕ್ರಿಮ್ಸನ್ ಮಾರ್ಷ್ ಗ್ಲೈಡರ್. ಟ್ರೈಥೆಮಿಸ್ ಅರೋರಾ ಎಂಬುದು ಇದರ ವೈಜ್ಞಾನಿಕ ನಾಮಧೇಯ.

ಮೊದಲು ಕುಳಿತ ಭಂಗಿಯನ್ನು ನೋಡಬೇಕು. ರೆಕ್ಕೆಗಳನ್ನು ಅಗಲಿಸಿ ಕುಳಿತಿದ್ದು, ದೊಡ್ಡ ಕಣ್ಣುಗಳೆರಡೂ ನೆತ್ತಿಯ ಮೇಲೆ ಒಂದಕ್ಕೊಂದು ತಾಗಿಕೊಂಡಿದ್ದರೆ ಅದು ಏರೋಪ್ಲೇನ್ ಚಿಟ್ಟೆಯೇ ಎಂದುಕೊಂಡು ಮುಂದುವರಿಯಬಹುದು.

ಬಳಿಕ ಬಣ್ಣ. ಬೆಳೆದ ಗಂಡಿನ ಎದೆಯೂ, ನಾವು ಬಾಲವೆಂದು ಭಾವಿಸುವ ಉದರವೂ ನೇರಳೆ ಛಾಯೆಯ ಕೆಂಪಾಗಿರುತ್ತವೆ. ಆದರೆ ಬಿಸಿಲು, ನೆರಳು, ಕ್ಯಾಮೆರಾಗಳು ಈ ಛಾಯೆಯನ್ನು ಸುಲಭವಾಗಿ ಬದಲಿಸಿಬಿಡುವುದರಿಂದ ಬಣ್ಣವೊಂದನ್ನೇ ನಂಬಿ ತೀರ್ಮಾನಕ್ಕೆ ಬರುವುದು ಸರಿಯಲ್ಲ.

ನಿಜವಾದ ಪರೀಕ್ಷೆ ಇರುವುದು ಕಾಲು ಮತ್ತು ರೆಕ್ಕೆಗಳಲ್ಲಿ. ಇದರ ಕಾಲುಗಳು ಕಪ್ಪು. ಪಾರದರ್ಶಕ ರೆಕ್ಕೆಗಳಲ್ಲಿ ಹರಡಿದ ನರಗಳು ಕೆಂಪು. ರೆಕ್ಕೆಯ ಬುಡದಲ್ಲಿ ಜೇನುಬಣ್ಣದ ಅಗಲವಾದ ಮಚ್ಚೆ. ಇದರೊಡನೆ ಹೆಚ್ಚಾಗಿ ಗೊಂದಲವಾಗುವ ಸ್ಕಾರ್ಲೆಟ್ ಸ್ಕಿಮ್ಮರ್‌ನ ಗಂಡು ರಕ್ತಗೆಂಪಾಗಿದ್ದು, ಅದರ ಕಾಲುಗಳಲ್ಲಿಯೂ ಕೆಂಪು ಬೆರೆತಿರುತ್ತದೆಯಲ್ಲದೆ ಉದರದ ಬೆನ್ನಿನುದ್ದಕ್ಕೂ ಸಣ್ಣ ಕಪ್ಪು ಗೆರೆಯೊಂದು ಸಾಗುತ್ತದೆ. ಉದರದ ತುದಿಯ ಸಮೀಪ ಬೆನ್ನಿನ ಮೇಲೆ ಕಪ್ಪು ಚುಕ್ಕೆಗಳಿದ್ದರೆ ಅದು ಗ್ರೇಟರ್ ಕ್ರಿಮ್ಸನ್ ಗ್ಲೈಡರ್ ಇರಬಹುದು.

ಹೆಣ್ಣಿನದು ಬೇರೆಯೇ ವೇಷ. ಕಂದುಹಳದಿ ಮೈ, ಉದರದ ಮೇಲೆ ಕಪ್ಪು ಗುರುತುಗಳು, ರೆಕ್ಕೆಯ ತುದಿಯಲ್ಲಿ ಕಂದು ಛಾಯೆ. ಎಳೆಯ ಗಂಡುಗಳೂ ಹೆಣ್ಣನ್ನೇ ಹೋಲುವುದರಿಂದ ಇಲ್ಲಿ ಅವಸರ ಸಲ್ಲದು.

ಚಿತ್ರ ತೆಗೆಯುವುದಕ್ಕೆ ಬಿಸಿಲಿರುವ ಹೊತ್ತು ಸೂಕ್ತ. ಗಂಡು ನೀರಿನಂಚಿನ ತನ್ನ ಎಲ್ಲೆಯನ್ನು ಕಾಯುತ್ತ, ಹಾರಿಹೋದರೂ ಸಾಮಾನ್ಯವಾಗಿ ಅದೇ ಕಡ್ಡಿಗೆ ಮರಳುವ ಕಾರಣ, ಬೆನ್ನಟ್ಟುವುದಕ್ಕಿಂತ ಅಲ್ಲೇ ಅಲುಗಾಡದೆ ನಿಂತಿರುವುದು ಲೇಸು. ಬಲೆಯ ಅಗತ್ಯವಂತೂ ಇಲ್ಲವೇ ಇಲ್ಲ. ಎದೆಯ ಪಕ್ಕ ಮತ್ತು ಕಾಲುಗಳು ಕಾಣುವಂತೆ ಬದಿಯಿಂದ ಒಂದು, ರೆಕ್ಕೆಯ ಬುಡ ಮತ್ತು ಉದರ ಕಾಣುವಂತೆ ಮೇಲಿನಿಂದ ಒಂದು ಚಿತ್ರವಿದ್ದರೆ ಗಂಡನ್ನು ಗುರುತಿಸಲು ಸಾಕು. ಹೆಣ್ಣಿನ ಚಿತ್ರದಲ್ಲಿ ಈ ವಿವರಗಳು ಸ್ಪಷ್ಟವಾಗಿಲ್ಲದಿದ್ದಲ್ಲಿ ಜಾತಿಯ ಹೆಸರನ್ನು ಊಹಿಸಿ ಬರೆಯದೆ, ಸ್ಥಳ ಮತ್ತು ದಿನಾಂಕವನ್ನಷ್ಟೇ ದಾಖಲಿಸಿಟ್ಟುಕೊಳ್ಳುವುದು ಉತ್ತಮ.